ಸಹಾಯ ಬೇಕು: ಬಾಣಂತನ ಮಾಡುವ ಅಜ್ಜಿಯರಿಗಾಗಿ ಒಂದು ಕರಪತ್ರ

ಎಲ್ಲರಿಗೂ ನಮಸ್ಕಾರ. ಆಶಾ ಕಾರ್ಯಕರ್ತೆಯರು ಮನೆಭೇಟಿಗೆ ಒಯ್ಯಲು ಒಂದು ಪುಟದ ಕರಪತ್ರ ಮಾಡುತ್ತಿದ್ದೇವೆ. ಅದನ್ನು ಮುಖ್ಯವಾಗಿ ಓದಬೇಕಾದವರು ಬಾಣಂತಿಯ ಅಮ್ಮ, ಅತ್ತೆ, ಎರೆಯಲು ಬರುವ ಅಜ್ಜಿ. ಅವರ ಮನಸ್ಸು ನೋಯದಂತೆ ಹೇಳಬೇಕು.

ದೊಡ್ಡ ತೊಡಕು ನೀರಿನದು. "ನೀರು ಕುಡಿದ್ರೆ ಹೊಟ್ಟೆ ಬರುತ್ತೆ, ಮಗುವಿಗೆ ಶೀತ ಆಗುತ್ತೆ" ಅಂತ ಬಾಣಂತಿಗೆ ಲೆಕ್ಕ ಹಾಕಿ ನೀರು ಕೊಡುವ ಮನೆಗಳು ಈಗಲೂ ಇವೆ. ಉರಿಮೂತ್ರ, ಮಲಬದ್ಧತೆ, ಮಲವಿಸರ್ಜನೆಗೆ ತಿಣುಕಿದಾಗ ಹೆರಿಗೆಯ ಹೊಲಿಗೆ ನೋವು ಇದರಿಂದಲೇ ಹೆಚ್ಚುತ್ತವೆ. ಜೊತೆಗೆ ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. "ಹಾಲುಣಿಸುವಾಗಲೆಲ್ಲ ಒಂದು ಲೋಟ ಬಿಸಿನೀರು ಅಥವಾ ಜೀರಿಗೆ ನೀರು" ಎಂದು ಬರೆದಿದ್ದೇವೆ.

ಎರಡನೆಯದು ಕೆಂಡ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಗೊತ್ತಾಗುವಷ್ಟರಲ್ಲಿ ತಾಯಿ-ಮಗು ಇಬ್ಬರಿಗೂ ಪ್ರಜ್ಞೆ ತಪ್ಪಬಹುದು.

ಉಳಿದವು ಒಂದೊಂದು ಸಾಲು: ತಾಯಿಯ ಮೊದಲ ಹಾಲು (ಗಿಣ್ಣು ಹಾಲು) ಚೆಲ್ಲಬೇಡಿ, ಹುಟ್ಟಿದ 1 ಗಂಟೆಯೊಳಗೆ ಕುಡಿಸಿ. 1 ವರ್ಷದವರೆಗೆ ಜೇನು ನೆಕ್ಕಿಸಬೇಡಿ. ಹೊಕ್ಕುಳಿಗೆ ಬೂದಿ, ಎಣ್ಣೆ ಬೇಡ, ಒಣಗಲು ಬಿಡಿ. ಮಗುವಿನ ಮೂಗಿಗೆ ಎಣ್ಣೆ ಬಿಡಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಣಂತಿಗೆ ಕಬ್ಬಿಣಾಂಶದ ಮಾತ್ರೆ ಹೆರಿಗೆಯಾದ ಮೇಲೂ 180 ದಿನ.

ಮೆಂತ್ಯದ ಗಂಜಿ, ಸಬ್ಬಸಿಗೆ ಸೊಪ್ಪು, ಮೈಗೆ ಎಣ್ಣೆ ತಿಕ್ಕುವುದು, ವಿಶ್ರಾಂತಿ, ಇವೆಲ್ಲ ಒಳ್ಳೆಯವು. ಇವನ್ನು ಕರಪತ್ರದ ಮೊದಲಿಗೇ ಹಾಕುತ್ತೇವೆ.

ಬೇಕಾಗಿರುವುದು: ಕಲಬುರಗಿ, ಬೀದರ್, ಕರಾವಳಿ ಕಡೆಯ ಆಡುಮಾತಿಗೆ ಇದನ್ನು ತಿದ್ದಿಕೊಡುವವರು. ಮಲೆನಾಡಿನವರು, ಮಳೆಗಾಲದಲ್ಲಿ ಕೆಂಡವಿಲ್ಲದೆ ಬಾಣಂತಿ ಕೋಣೆ ಬೆಚ್ಚಗಿಡುವ ಕ್ರಮ ನಿಮ್ಮಲ್ಲಿ ಹೇಗೆ ಅಂತ ದಯವಿಟ್ಟು ತಿಳಿಸಿ.