ಐಡಲ್ ಗರಗಸದಂಗ ಏರಿಳಿತೈತಿ, ಕೋಡ್ ಇಲ್ಲ: ವ್ಯಾಕ್ಯೂಮ್ ಲೀಕ್ ಮನ್ಯಾಗ ಹುಡುಕೂದು ಹೆಂಗ್ರಿ?

ಹಡಪ್ಸರ್, ಪುಣೆ:
ನಮಸ್ಕಾರ್ರೀ ಎಲ್ಲಾರಿಗೂ. ಗಾಡಿ 2014ರದ್ದು, ಸಣ್ಣ ಹ್ಯಾಚ್‌ಬ್ಯಾಕ್, 1 ಲೀಟರ್ ಪೆಟ್ರೋಲ್, ಮ್ಯಾಲೆ ಹೊರಗ ಹಾಕಿಸಿದ ಸೀಕ್ವೆನ್ಷಿಯಲ್ ಸಿಎನ್‌ಜಿ ಕಿಟ್ ಐತಿ. ಹದಿನೈದು ದಿನದಿಂದ ಸಿಗ್ನಲ್‌ನ್ಯಾಗ ನಿಂತ್ರ ಸಾಕು ಐಡಲ್ (ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ತಿರುಗು ವೇಗ) ಆರ್‌ಪಿಎಂ 1100, 1700, ಮತ್ತ 1100, ಹಿಂಗ ಕುಣಿತೈತಿ. ಮಗರ್‌ಪಟ್ಟಾ ಸಿಗ್ನಲ್‌ನ್ಯಾಗ ಬಾಜೂ ರಿಕ್ಷಾದಂವ ನಾ ರೇಸ್‌ಗೆ ಕರಿಯಾಕತ್ತೀನಿ ಅಂತ ತಿಳ್ಕೊಂಡು ಹೊಳ್ಳಿ ಹೊಳ್ಳಿ ನೋಡ್ತಾನ. ಬಾನೆಟ್ ಎತ್ತಿದ್ರ ಸುಂಯ್ ಅಂತ ಸಪ್ಪಳ, ಎಲ್ಲಿಂದ ಅಂತ ತಿಳಿವಲ್ದು. ಗ್ಯಾರೇಜ್‌ನ್ಯಾಗ ಥ್ರಾಟಲ್ ಬಾಡಿನ ಬದಲಿಸ್ರಿ, ಒಂಬತ್ತು ಸಾವಿರ ಅಂದ್ರು. ನಾ ವಿಡಿಯೋ ನೋಡಿ ಬ್ಲೂಟೂತ್ ಓಬಿಡಿ (ಗಾಡಿ ಕಂಪ್ಯೂಟರಿನ ಕೋಡ್ ಓದು ಯಂತ್ರ) ತಂದು ಹಚ್ಚಿದೆ, ವ್ಯಾಕ್ಯೂಮ್ ಲೀಕ್, ಅಂದ್ರ ಎಂಜಿನ್ ಒಳಗ ಕಳ್ಳ ಗಾಳಿ ಹೋಗು ಬಿರುಕು, ಇದ್ರ ಪಿ0171 (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಅನ್ನು ಕೋಡ್) ಬರ್ಬೇಕಂತ, ಬಂದಿಲ್ಲ, ಫ್ಯೂಯಲ್ ಟ್ರಿಮ್ಮೂ (ಕಂಪ್ಯೂಟರ್ ಪೆಟ್ರೋಲ್ ಎಷ್ಟು ಶೇಕಡಾ ಹೆಚ್ಚು-ಕಡಿಮೆ ಮಾಡೈತಿ ಅನ್ನು ಲೆಕ್ಕ) ಬರೇ +5. ಅಂದ್ರ ಲೀಕ್ ಅಲ್ಲೇನ್ರಿ? ಇನ್ನೊಂದು, ಎಂಜಿನ್ ಬಂದ್ ಇಟ್ಟು ಚಾವಿ ಆನ್ ಮಾಡಿದ್ರ ಮ್ಯಾಪ್ ಸೆನ್ಸರ್ (ಎಂಜಿನ್‌ಗೆ ಗಾಳಿ ಹೋಗು ಕೊಳವೆ, ಮ್ಯಾನಿಫೋಲ್ಡ್, ಅದರ ಒಳಗಿನ ಒತ್ತಡ ಅಳಿಯೂದು) 94 ತೋರಸ್ತೈತಿ, 101 ಇರ್ಬೇಕು ಅಂತಾರ. ಅದೂ ಹೋತೇನು?

ಡೊಂಬಿವಲಿ:
ಸೆನ್ಸರ್ ಸರಿಯೇ ಉಂಟು ಮಾರಾಯ್ರೆ, ನೀವು ಇರುವುದು ಘಾಟಿ ಮೇಲೆ! ಪುಣೆ ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 560 ಮೀಟರ್ ಎತ್ತರ, ಅಲ್ಲಿ ಗಾಳಿಯ ಒತ್ತಡವೇ 94-95 ಕಿಲೊಪಾಸ್ಕಲ್. ನನ್ನದು ಇಲ್ಲಿ 100 ತೋರಿಸ್ತದೆ, ಲೋನಾವಳಾದಲ್ಲಿ ಚಾಕ್ಕೆ ನಿಲ್ಸಿದ್ರೆ 94. ವ್ಯಾಕ್ಯೂಮ್ ಗೇಜ್ ಹಾಕುವವರೂ ಇದನ್ನು ಮರೀತಾರೆ, ಅದರಲ್ಲಿ 17ರಿಂದ 22 ಇಂಚು ಒಳ್ಳೇದು ಅಂತ ಬರ್ದಿರ್ತದಲ್ಲ, ಅದು ಸಮುದ್ರಮಟ್ಟದ ಲೆಕ್ಕ, ಸಾವಿರ ಅಡಿಗೆ ಒಂದೊಂದು ಇಂಚು ಕಳೀಬೇಕು.

ಇನ್ನು ಟ್ರಿಮ್. ಆ ವಿಡಿಯೋಗಳೆಲ್ಲ ಮ್ಯಾಫ್ ಸೆನ್ಸರ್ ಇರುವ ಗಾಡಿಗೆ. ಅದು ಬಾಗಿಲಲ್ಲಿ ಕೂತು ಒಳಗೆ ಹೋಗುವ ಗಾಳಿ ಅಳೀತದೆ, ಲೀಕಿನ ಗಾಳಿ ಹಿಂಬಾಗಿಲಿಂದ ಬಂದ್ರೆ ಗೊತ್ತೇ ಆಗುದಿಲ್ಲ, ಪೆಟ್ರೋಲ್ ಕಡಿಮೆ ಬೀಳ್ತದೆ, ಟ್ರಿಮ್ +20 ದಾಟಿ ಕೋಡ್ ಬರ್ತದೆ, 2500 ಆರ್‌ಪಿಎಂಗೆ ಏರಿಸಿದ್ರೆ ಇಳೀತದೆ. ನಿಮ್ಮದು ಬರೀ ಮ್ಯಾಪ್ ಗಾಡಿ ಆದ್ರೆ ಅದು ಮ್ಯಾನಿಫೋಲ್ಡ್ ಒಳಗಿನ ಒತ್ತಡ ನೋಡುವುದು, ಗಾಳಿ ಯಾವ ಕಡೆಯಿಂದ ಬಂದ್ರೂ ಲೆಕ್ಕಕ್ಕೆ ಸಿಗ್ತದೆ, ಅದಕ್ಕೆ ತಕ್ಕ ಪೆಟ್ರೋಲನ್ನೂ ಕೊಡ್ತದೆ. ಹಾಗಾಗಿ ಟ್ರಿಮ್ ಸುಮ್ಮನಿರ್ತದೆ, ಐಡಲ್ ಮಾತ್ರ ಏರ್ತದೆ. ಏರಿದ್ದು ಹೆಚ್ಚಾದ್ರೆ ಇಸಿಯು (ಎಂಜಿನ್ ಕಂಪ್ಯೂಟರ್) ಕಾಲು ತೆಗ್ದಿದ್ದಾರೆ, ಗಾಡಿ ಇಳಿಜಾರಲ್ಲಿ ಉಂಟು ಅಂದ್ಕೊಂಡು ಪೆಟ್ರೋಲ್ ನಿಲ್ಲಿಸ್ತದೆ, ಆರ್‌ಪಿಎಂ ಬಿದ್ದ ಕೂಡ್ಲೆ ಮತ್ತೆ ಕೊಡ್ತದೆ. ನಿಮ್ಮ ಗರಗಸ ಅದೇ. ಎಂಜಿನ್ ಬಿಸಿ, ಏಸಿ ಬಂದ್, ಐಡಲ್‌ನಲ್ಲಿ ಮ್ಯಾಪ್ ಎಷ್ಟು ಹೇಳಿ. ಸಾಧಾರಣ 30-40ರ ಒಳಗೆ ನಿಲ್ಬೇಕು.

ಹಡಪ್ಸರ್, ಪುಣೆ:
44ರಿಂದ 47 ಓಡಾಡ್ತೈತ್ರಿ.

ಮಡಗಾಂವ್, ಗೋವಾ:
ನನ್ನ ಹಳೇ ಗಾಡೀಲಿ ಅಗರಬತ್ತಿ ಹಚ್ಚಿ ಪೈಪುಗಳ ಹತ್ರ ಆಡಿಸಿ ಹುಡುಕಿದ್ದೆ. ಹೊಗೆ ಎಲ್ಲಿ ಒಳಗೆ ಎಳ್ಕೊಳ್ತದೋ ಅದೇ ಜಾಗ. ಖರ್ಚು ಎರಡು ರೂಪಾಯಿ. ಇಲ್ದಿದ್ರೆ ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ, ಆರ್‌ಪಿಎಂ ಬದಲಾದ ಕಡೆ ಲೀಕ್.

ಡೊಂಬಿವಲಿ:
ದಮ್ಮಯ್ಯ, ಸಿಎನ್‌ಜಿ ಗಾಡಿಯ ಬಾನೆಟ್ ಒಳಗೆ ಬೆಂಕಿ ಹಿಡ್ಕೊಂಡು ಹೋಗ್ಬೇಡಿ. ಕಾರ್ಬ್ ಕ್ಲೀನರ್ ಕೂಡ ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬಿದ್ರೆ ಭಗ್ ಅಂತದೆ. ಮತ್ತೆ ಫ್ಯಾನ್ ಶುರುವಾದ್ರೆ ಹೊಗೆ ಎಲ್ಲಿಗೆ ಹೋಗ್ತದೆ ಅಂತ ದೇವರೇ ಹೇಳ್ಬೇಕು.

ಹಡಪ್ಸರ್‌ನವರೇ, ಮೊದ್ಲು ಸಿಲಿಂಡರ್ ವಾಲ್ವ್ ಬಂದ್ ಮಾಡಿ ಪೆಟ್ರೋಲ್‌ನಲ್ಲಿ ಇಡಿ. ಒಂದು ಮೀಟರ್ ರಬ್ಬರ್ ಪೈಪ್ ತಕೊಂಡು ಒಂದು ತುದಿ ಕಿವಿಗೆ, ಇನ್ನೊಂದು ತುದಿ ಎಂಜಿನ್ ಸುತ್ತ ಆಡಿಸಿ, ಡಾಕ್ಟ್ರ ಹಾಗೆ. ಬೆಲ್ಟ್, ಫ್ಯಾನಿಂದ ದೂರ ಇರ್ಲಿ. ಸುಂಯ್ ಜೋರಾಗುವ ಕಡೆಯ ಸಣ್ಣ ಪೈಪುಗಳನ್ನು ಒಂದೊಂದಾಗಿ ನೋಸ್ ಪ್ಲೈಯರ್‌ಗೆ ಬಟ್ಟೆ ಸುತ್ತಿ ಹಿಚುಕಿ: ಪಿಸಿವಿ (ಎಂಜಿನ್ ಒಳಗಿನ ಆವಿ ವಾಪಸ್ ಎಳೆಯುವ ಪೈಪು), ಪರ್ಜ್ ವಾಲ್ವ್ ಪೈಪು (ಪೆಟ್ರೋಲ್ ಟ್ಯಾಂಕಿನ ಆವಿ ತರುವುದು), ಬ್ರೇಕ್ ಬೂಸ್ಟರ್ (ಬ್ರೇಕ್ ಹಗುರ ಮಾಡುವ ಡಬ್ಬ) ಪೈಪು. ಯಾವುದನ್ನು ಹಿಚುಕಿದಾಗ ಐಡಲ್ ಇಳೀತದೋ ಲೀಕ್ ಅದರಾಚೆ. ಗ್ಯಾಸ್ಕೆಟ್ ಸಂದಿಗೆ ಸ್ಪ್ರೇ ಬಾಟಲಲ್ಲಿ ನೀರು ಸಾಕು, ಆದ್ರೆ ಸೋಪಿನ ಗುಳ್ಳೆ ಕಾಯ್ತಾ ಕೂರ್ಬೇಡಿ, ಗಾಳಿ ಒಳಗೆ ಹೋಗುವ ಕಡೆ ಗುಳ್ಳೆ ಏಳುದಿಲ್ಲ, ನೀರು ಎಳ್ಕೊಂಡು ಸಪ್ಪಳ ಬದಲಾಗ್ತದೆ ಅಷ್ಟೆ. ನನಗೆ ಹೆಚ್ಚು ಅನುಮಾನ ಕಿಟ್ ಮೇಲೆ. ಹೊರಗಡೆ ಕಿಟ್ ಹಾಕುವಾಗ ಮ್ಯಾನಿಫೋಲ್ಡಿಗೆ ತೂತು ಕೊರ್ದು ನಾಝಲ್ ಕೂರಿಸ್ತಾರೆ, ರಿಡ್ಯೂಸರ್‌ಗೆ (ಗ್ಯಾಸಿನ ಒತ್ತಡ ಇಳಿಸುವ ಭಾಗ) ಮತ್ತೆ ಕಿಟ್ಟಿನ ಪ್ರೆಷರ್ ಸೆನ್ಸರ್‌ಗೆ ಒಂದು ವ್ಯಾಕ್ಯೂಮ್ ಪೈಪಿಗೆ ಟೀ (ಮೂರು ಬಾಯಿಯ ಜಾಯಿಂಟ್) ಹಾಕಿ ಎಳೀತಾರೆ. ಆ ಟೀ ಪ್ಲಾಸ್ಟಿಕ್.

ಹಡಪ್ಸರ್, ಪುಣೆ:
ಸಿಕ್ತ್ರೀ!! ಐತವಾರ ಮುಂಜಾನೆ ಸೊಸೈಟಿ ಪಾರ್ಕಿಂಗ್‌ನ್ಯಾಗ ಕಿವಿಗೆ ಪೈಪ್ ಹಚ್ಕೊಂಡು ಬಗ್ಗಿ ನಿಂತಿದ್ದೆ, ವಾಚ್‌ಮನ್ ಬಂದು ಕಾಯ್ ಝಾಲಂ ಸಾಹೇಬ್ ಅಂತ ಕೇಳಿದ. ಪಿಸಿವಿ ಹಿಚುಕಿದೆ ಏನಿಲ್ಲ, ಪರ್ಜ್ ಏನಿಲ್ಲ, ರಿಡ್ಯೂಸರ್ ಕಡೆ ಹೋಗು ತೆಳ್ಳಗಿನ ಪೈಪ್ ಬುಡದಾಗ ಹಿಚುಕಿದ ಕೂಡ್ಲೆ ಸುಂಯ್ ನಿಂತು ಆರ್‌ಪಿಎಂ 800ಕ್ಕ ಕುಂತ್ ಬಿಡ್ತು. ನೋಡಿದ್ರ ಟೀ ಸೀಳೇತಿ, ಮ್ಯಾಲಿಂದ ಕಾಣಂಗಿಲ್ಲ, ಕ್ಲಿಪ್ ಕೆಳಗ ಉಗುರು ಹೋಗುವಷ್ಟು ಬಿರುಕು, ಕೈಯಾಗ ಹಿಡದ್ರ ಬಿಸ್ಕಿಟ್‌ನಂಗ ಮುರೀತು. ಮನ್ಯಾಗ ಮೀನಿನ ಟ್ಯಾಂಕಿನ ಪೈಪ್ ಬಿದ್ದೈತಿ, ಸದ್ಯಕ್ಕ ಅದನ್ನ ಹಾಕ್ಲೇನ್ರಿ?

ಡೊಂಬಿವಲಿ:
ಬೇಡ ಬೇಡ. ಅದು ಎಂಜಿನ್ ಶಾಖಕ್ಕೆ ಮೆತ್ತಗಾಗಿ ವ್ಯಾಕ್ಯೂಮ್‌ಗೆ ಚಪ್ಪಟೆ ಆಗ್ತದೆ. ವ್ಯಾಕ್ಯೂಮ್ ಹೋಸ್ ಅಂತಲೇ ಕೇಳಿ ತನ್ನಿ, ಅದೇ ಅಳತೆಯದ್ದು. ಸಿಎನ್‌ಜಿಗೆ ಹಾಕುವ ಮೊದ್ಲು ಗ್ಯಾಸ್ ಪೈಪಿನ ಜಾಯಿಂಟ್‌ಗಳನ್ನೊಮ್ಮೆ ನೋಡಿ, ಅಲ್ಲಿ ಒತ್ತಡ ಒಳಗಿಂದ ಹೊರಗೆ, ಹಾಗಾಗಿ ಅಲ್ಲಿ ಸೋಪಿನ ಗುಳ್ಳೆ ಕೆಲ್ಸ ಮಾಡ್ತದೆ.

ಮಡಗಾಂವ್, ಗೋವಾ:
ಒಂಬತ್ತು ಸಾವಿರ ಉಳೀತಲ್ಲ, ನಮ್ಗೆ ಮೀನೂಟ ಯಾವಾಗ? ಅಗರಬತ್ತಿ ಮಾತು ವಾಪಸ್ ತಗೊಂಡೆ.

ಹಡಪ್ಸರ್, ಪುಣೆ:
ನಾನಾ ಪೇಠಕ್ಕ ಹೋಗಿ ಟೀ, ಅರ್ಧ ಮೀಟರ್ ಹೋಸ್, ನಾಕು ಕ್ಲಿಪ್ ತಂದೆ, ಎಲ್ಲಾ ಸೇರಿ 110 ರೂಪಾಯಿ. ಈಗ ಐಡಲ್ 800, ಮ್ಯಾಪ್ 33. ಸಿಎನ್‌ಜಿ ಮ್ಯಾಗ ಮೈಲೇಜ್ ಬಿದ್ದಿದ್ದೂ ಇದಕ್ಕ ಇರ್ಬೇಕು, ಆ ಪೈಪಿನಾಗ ಕಿಟ್ಟಿನ ಸೆನ್ಸರೂ ಐತಲ್ಲ. ನಿನ್ನೆ ಖಂಬಾಟ್ಕಿ ಘಾಟ್ ದಾಟಿ ನಿಪ್ಪಾಣಿ ತನಕ ಹೋಗಿ ಬಂದೆ, ಟೋಲ್ ನಾಕಾದಾಗ ನಿಂತಾಗೂ ಮುಳ್ಳು ಅಲುಗಾಡ್ಲಿಲ್ಲ. ಬ್ರೇಕ್ ತುಳಿದಾಗ ಅಷ್ಟ ಸಣ್ಣ ಉಸ್ ಅಂತೈತಿ, ಅದೂ ಲೀಕೇನು?

ಡೊಂಬಿವಲಿ:
ಎಂಜಿನ್ ಬಂದ್ ಮಾಡಿ ಪೆಡಲ್ ಗಟ್ಟಿ ಆಗುವ ತನಕ ನಾಲ್ಕೈದು ಸಲ ತುಳೀರಿ, ಒತ್ತಿ ಹಿಡ್ಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಹೋದ್ರೆ ಬೂಸ್ಟರ್ ಕೆಲ್ಸ ಮಾಡ್ತಾ ಉಂಟು. ಒತ್ತುವಾಗ ಒಮ್ಮೆ ಉಸ್ ಅಂದು ನಿಂತ್ರೆ ತೊಂದ್ರೆ ಇಲ್ಲ. ಒತ್ತಿ ಹಿಡ್ದಷ್ಟು ಹೊತ್ತೂ ಉಸ್ ಅಂತಾನೇ ಇದ್ರೆ, ಐಡಲ್ಲೂ ಬದಲಾದ್ರೆ, ಒಳಗಿನ ಡಯಾಫ್ರಮ್ ಹರ್ದಿದೆ, ಅದನ್ನು ಮನೇಲಿ ಮುಟ್ಬೇಡಿ, ಗ್ಯಾರೇಜಿಗೇ ಕೊಡಿ.

ಹಡಪ್ಸರ್, ಪುಣೆ:
ಪೆಡಲ್ ಕೆಳಗ ಹೋತು, ಉಸ್ ಒಮ್ಮೆ ಅಷ್ಟ. ಬಿಟ್ಟೆ ಹಂಗಾರ.