ಆರ್ಕಿಡ್ ಬಾಡ್ತಿದೆಯಾ? ನೀರು ಹಾಕುವ ಮೊದಲು ಬೇರು ನೋಡಿ

ಆರ್ಕಿಡ್ ಬಗ್ಗೆ ಏನಿದ್ದರೂ ಕೇಳಿ ಅಂತ ಗುಂಪಿನಲ್ಲಿ ಹಾಕಿದ್ದೆ. ನಾನು ಧಾರವಾಡದ ಹತ್ತಿರ ಹೂಗಿಡಗಳ ನರ್ಸರಿ ನಡೆಸುತ್ತೇನೆ, ಆರ್ಕಿಡ್ ಅಂದರೆ ಜೀವ. ಬಂದ ಪ್ರಶ್ನೆಗಳಿಗೆ ಇಲ್ಲೇ ಉತ್ತರ ಬರೆಯುತ್ತಿದ್ದೇನೆ. ಬಹಳ ಜನ ಕೇಳಿದ್ದು ಅಂಗಡಿಯಲ್ಲಿ ಸಿಗುವ ಅಗಲ ಎಲೆಯ, ಚಿಟ್ಟೆಯಂಥ ಹೂವಿನ ಫೆಲನಾಪ್ಸಿಸ್ ಬಗ್ಗೆ.

ಪ್ರಶ್ನೆ (ಹುಬ್ಬಳ್ಳಿ, ವಿದ್ಯಾನಗರ): ಸರ್, ಮನೆ ವಾಸ್ತುವಿಗೆ ಯಾರೋ ಆರ್ಕಿಡ್ ಕೊಟ್ಟಿದ್ದರು. ಚಂದದ ಪಿಂಗಾಣಿ ಕುಂಡದಲ್ಲಿದೆ. ಹೂವೆಲ್ಲ ಉದುರಿದವು. ಈಗ ಎಲೆ ಜೋತು ಬಿದ್ದು ಸುಕ್ಕುಗಟ್ಟಿವೆ. ದಿನಾ ತಪ್ಪದೆ ನೀರು ಹಾಕ್ತೀನಿ, ಆದರೂ ಬಾಡ್ತಿದೆ. ಇನ್ನೂ ಜಾಸ್ತಿ ಹಾಕಬೇಕಾ?

ಉತ್ತರ: ಬೇಡ ಅಕ್ಕಾ, ಮೊದಲು ನೀರು ನಿಲ್ಲಿಸಿ. ಹೂ ಉದುರಿದ್ದಕ್ಕೆ ಚಿಂತೆ ಬೇಡ. ಎರಡು ಮೂರು ತಿಂಗಳು ನಿಂತು ಉದುರುವುದು ಅದರ ಸ್ವಭಾವ. ಎಲೆ ಜೋತು ಬಿದ್ದಿದ್ದೇ ನಿಜವಾದ ತೊಂದರೆ. ನೀರಿಲ್ಲದೆ ಒಣಗಿದರೂ ಎಲೆ ಹೀಗೇ ಆಗುತ್ತೆ, ನೀರು ಜಾಸ್ತಿಯಾಗಿ ಬೇರು ಕೊಳೆತರೂ ಹೀಗೇ ಆಗುತ್ತೆ, ಯಾಕೆಂದರೆ ಕೊಳೆತ ಬೇರು ಎಲೆಗೆ ನೀರು ಕಳಿಸಲಾರದು. ಹೊರಗಿನಿಂದ ನೋಡಿದವರು ಪಾಪ ಬಾಯಾರಿದೆ ಅಂತ ಮತ್ತೊಂದು ಲೋಟ ಸುರಿಯುತ್ತಾರೆ. ನನ್ನ ಹತ್ತಿರ ಬರುವ ಆರ್ಕಿಡ್‌ಗಳಲ್ಲಿ ಹೆಚ್ಚಿನವು ಹೀಗೇ ಹಾಳಾದವು.

ಈ ಗಿಡ ಕಾಡಿನಲ್ಲಿ ಮಣ್ಣಿನಲ್ಲಿ ಬೆಳೆಯುವುದಿಲ್ಲ. ಮರದ ತೊಗಟೆಗೆ ಅಂಟಿಕೊಂಡು, ಬೇರನ್ನು ಗಾಳಿಗೆ ಬಿಟ್ಟು ಬದುಕುತ್ತೆ. ಬೇರಿನ ಮೇಲೆ ಸ್ಪಂಜಿನಂಥ ಒಂದು ಪದರ ಇರುತ್ತೆ. ಮಳೆ ಬಂದಾಗ ಅದು ನೀರು ಹೀರಿ ಹಸಿರಾಗುತ್ತೆ, ಒಣಗಿದಾಗ ಬೆಳ್ಳಿ ಬಣ್ಣಕ್ಕೆ ತಿರುಗುತ್ತೆ. ಈ ಬಣ್ಣ ನೋಡಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಬೇರು ಹಸಿರಾಗಿದ್ದರೆ ನೀರು ಬೇಡ. ಬೆಳ್ಳಗಾದರೆ ಹಾಕಿ. ಅದಕ್ಕೇ ಒಳ್ಳೆ ನರ್ಸರಿಯವರು ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿ ಕೊಡುತ್ತಾರೆ. ನಿಮ್ಮದು ಪಿಂಗಾಣಿ ಅಂದ್ರಿ, ಕೆಳಗೆ ತೂತು ಇಲ್ಲ ಅನಿಸುತ್ತೆ, ಅಲ್ವಾ?

ಈಗ ಮಾಡಬೇಕಾದ್ದು ಇಷ್ಟು. ಗಿಡವನ್ನು ಹೊರಗೆ ತೆಗೆದು ಬೇರಿಗೆ ಅಂಟಿದ್ದೆಲ್ಲ ನಿಧಾನವಾಗಿ ಬಿಡಿಸಿ. ಕತ್ತರಿಯ ಬಾಯಿಯನ್ನು ಗ್ಯಾಸಿನ ಉರಿಯಲ್ಲಿ ಕಾಯಿಸಿ ಆರಿಸಿಕೊಳ್ಳಿ. ಒತ್ತಿದರೆ ಮೆತ್ತಗೆ ಕುಸಿಯುವ ಕಂದು ಬೇರುಗಳನ್ನೆಲ್ಲ ಕತ್ತರಿಸಿ, ಗಟ್ಟಿ ಇರುವುದನ್ನು ಮುಟ್ಟಬೇಡಿ. ಸಾಫ್ ಅಂತ ಶಿಲೀಂಧ್ರನಾಶಕ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತೆ, ಅದನ್ನು ಲೀಟರಿಗೆ 2 ಗ್ರಾಂ ಕಲಸಿ ಅದರಲ್ಲಿ ಬೇರು ಅದ್ದಿ, ನೆರಳಲ್ಲಿ ಒಂದು ದಿನ ಆರಲು ಬಿಡಿ. ಕೈಗೆ ಗ್ಲೌಸ್ ಇರಲಿ. ಆಮೇಲೆ ತೂತುಗಳಿರುವ ಕುಂಡದಲ್ಲಿ ಇದ್ದಿಲಿನ ತುಂಡು ಮತ್ತು ತೆಂಗಿನ ಸಿಪ್ಪೆಯ ತುಂಡು ತುಂಬಿ ಕೂರಿಸಿ. ಇದ್ದಿಲು ಇಸ್ತ್ರಿ ಮಾಡುವವರ ಹತ್ತಿರ ಕೇಳಿದರೆ ಸಿಗುತ್ತೆ, ಬೆರಳಿನಷ್ಟು ದಪ್ಪ ತುಂಡು ಮಾಡಿ ತೊಳೆದುಕೊಳ್ಳಿ. ತೆಂಗಿನ ಸಿಪ್ಪೆಯನ್ನು ಎರಡು ದಿನ ನೆನೆಸಿ, ನೀರು ಬದಲಿಸಿ, ಅದರ ಕಂದು ರಸ ಹೋದ ಮೇಲೆ ಬಳಸಿ. ಎರೆಮಣ್ಣು, ಕೆಮ್ಮಣ್ಣು, ಕೋಕೋಪೀಟ್ ಪುಡಿ ಯಾವುದೂ ಬೇಡ. ನಾಲ್ಕೈದು ದಿನ ಬಿಟ್ಟು ಮೊದಲ ನೀರು.

ಅವರೇ ಮತ್ತೆ: ತೆಗೆದು ನೋಡಿದೆ ಸರ್, ತೂತು ಇರಲಿಲ್ಲ, ಕೆಳಗೆ ವಾಸನೆ ಬರ್ತಿತ್ತು. ಮೂರೇ ಬೇರು ಗಟ್ಟಿ ಇವೆ. ಉಳಿಯುತ್ತಾ? ಹೂವಿನ ಕಡ್ಡಿ ಇನ್ನೂ ಹಸಿರಾಗಿದೆ.

ಉತ್ತರ: ಮೂರು ಬೇರು ಇದ್ದರೆ ಉಳಿಯುತ್ತೆ ಅಕ್ಕಾ, ತಾಳ್ಮೆ ಬೇಕು ಅಷ್ಟೆ. ಹಸಿರಾಗಿದ್ದರೂ ಕಡ್ಡಿಯನ್ನು ಬುಡದಲ್ಲೇ ಕತ್ತರಿಸಿ. ಈಗ ಹೊಸ ಬೇರು ಬಿಡುವುದೇ ಗಿಡಕ್ಕೆ ದೊಡ್ಡ ಕೆಲಸ. ಗಿಡ ಗಟ್ಟಿಮುಟ್ಟಾಗಿ ಇರುವವರು ಬೇಕಾದರೆ ಬುಡದಿಂದ ಎರಡು ಮೂರು ಗಿಣ್ಣು ಬಿಟ್ಟು ಮೇಲೆ ಕತ್ತರಿಸಬಹುದು, ಅಲ್ಲಿಂದಲೇ ಮತ್ತೊಂದು ಟಿಸಿಲು ಒಡೆದು ಹೂ ಬಿಡುವುದುಂಟು. ಸುಕ್ಕಾದ ಹಳೆ ಎಲೆ ಪೂರ್ತಿ ಸರಿಹೋಗದೇ ಇರಬಹುದು. ಹೊಸ ಎಲೆ ನೆಟ್ಟಗೆ ಬಂದರೆ ಗಿಡ ಚೇತರಿಸಿಕೊಂಡಿದೆ ಅಂತ ತಿಳಿಯಿರಿ.

ಪ್ರಶ್ನೆ (ಹುಬ್ಬಳ್ಳಿ): ವಾರಕ್ಕೆ ಮೂರು ಐಸ್ ತುಂಡು ಇಟ್ಟರೆ ಸಾಕು ಅಂತ ವಿಡಿಯೋದಲ್ಲಿ ನೋಡಿದೆ. ನಿಜಾನಾ?

ಉತ್ತರ: ಅಮೆರಿಕದ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ, ತೊಗಟೆಯಲ್ಲಿ ಬೆಳೆಸಿದ ಫೆಲನಾಪ್ಸಿಸ್‌ಗೆ ತೊಂದರೆ ಆಗಲಿಲ್ಲ ಅಂತ ಹೇಳಿದ್ದಾರೆ. ಅಳತೆ ಮೀರಿ ನೀರು ಹಾಕದಿರಲಿ ಅನ್ನುವುದೇ ಅದರ ಉದ್ದೇಶ. ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ, ಇದ್ದಿಲು ತುಂಬಿದ ಕುಂಡಕ್ಕೆ ಅಷ್ಟು ನೀರು ಏನೂ ಸಾಲದು. ಕುಂಡವನ್ನು ಬಕೆಟ್ ನೀರಲ್ಲಿ ಹತ್ತು ನಿಮಿಷ ಇಟ್ಟು, ಎತ್ತಿ, ಪೂರ್ತಿ ಸೋರಲು ಬಿಡಿ. ಇದೇ ಒಳ್ಳೆಯದು.

ಪ್ರಶ್ನೆ (ಗದಗ): ಅಣ್ಣಾರೆ, ನಮ್ಮಲ್ಲಿ ಬಿಸಿಲು ಗೊತ್ತಲ್ಲ. ಮಾಳಿಗೆ ಮೇಲೆ ಇಟ್ಟಿದ್ದೆ, ಎಲೆ ಮೇಲೆ ದೊಡ್ಡ ಬಿಳಿ ಕಲೆ ಬಿದ್ದು ಆಮೇಲೆ ಕಪ್ಪಾಯಿತು. ರೋಗಾನಾ? ಈಗ ಒಳಗೆ ಕೂಲರ್ ಮುಂದೆ ಇಟ್ಟಿದ್ದೇನೆ.

ಉತ್ತರ: ರೋಗ ಅಲ್ಲ, ಬಿಸಿಲಿಗೆ ಸುಟ್ಟಿದೆ. ಕಲೆ ಒಣಗಿ ಹರಡದೆ ನಿಂತಿದ್ದರೆ ಎಲೆ ಕತ್ತರಿಸಬೇಡಿ, ಉಳಿದ ಹಸಿರು ಭಾಗ ಗಿಡಕ್ಕೆ ಊಟ ಮಾಡಿಕೊಡುತ್ತೆ. ಕೂಲರ್ ಎದುರಿನಿಂದ ತೆಗೆಯಿರಿ. ಗಾಳಿ ನೇರವಾಗಿ ಬಡಿದರೆ ಬೇರು ಬೇಗ ಒಣಗುತ್ತೆ, ಮೊಗ್ಗಿದ್ದರೆ ಉದುರುತ್ತೆ. ಅದೇ ಕೋಣೆಯಲ್ಲಿ ಬದಿಗೆ ಇದ್ದರೆ ಒಳ್ಳೆಯದೇ. ಬೆಳಗಿನ ಎಳೆಬಿಸಿಲು ಬರುವ ಪೂರ್ವದ ಕಿಟಕಿ ಸಿಕ್ಕರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ತಟ್ಟೆಯಲ್ಲಿ ಜಲ್ಲಿಕಲ್ಲು ಹಾಕಿ ನೀರು ತುಂಬಿ, ಕಲ್ಲಿನ ಮೇಲೆ ಕುಂಡ ಇಡಿ. ಕುಂಡದ ತಳ ನೀರಿಗೆ ತಾಗಬಾರದು. ಎಲೆಗೆ ನೀರು ಚಿಮುಕಿಸುವುದಿದ್ದರೆ ಬೆಳಿಗ್ಗೆ ಮಾತ್ರ, ಎಲೆಗಳು ಕೂಡುವ ನಡುವಿನ ಸುಳಿಯಲ್ಲಿ ನಿಂತ ನೀರನ್ನು ಬಟ್ಟೆಯ ತುದಿಯಿಂದ ಒರೆಸಿ ತೆಗೆಯಿರಿ. ಸುಳಿ ಕೊಳೆತರೆ ಫೆಲನಾಪ್ಸಿಸ್ ಉಳಿಯುವುದು ಬಹಳ ಕಷ್ಟ.

ಇನ್ನೊಂದು ಮಾತು. ಗದಗದಂಥ ಒಣ ಹವೆಯಲ್ಲಿ ಮಾಳಿಗೆ ಮೇಲೆಯೇ ಬೆಳೆಸಬೇಕು ಅಂದರೆ ಡೆಂಡ್ರೋಬಿಯಂ ಅನ್ನುವ ಇನ್ನೊಂದು ಬಗೆಯ ಆರ್ಕಿಡ್ ತಗೊಳ್ಳಿ. ಅದರ ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತೆ, ಬೆಳಕೂ ಜಾಸ್ತಿ ಬೇಕು. 50 ಶೇಕಡಾ ನೆರಳಿನ ಹಸಿರು ನೆಟ್ ಕಟ್ಟಿದರೆ ಸಾಕು, ಫೆಲನಾಪ್ಸಿಸ್‌ಗಾದರೆ 75 ಬೇಕು. ಡೆಂಡ್ರೋಬಿಯಂನ ಎಲೆ ಉದುರಿದ ಹಳೆ ಕಾಂಡ ಸತ್ತಿದೆ ಅಂತ ಕತ್ತರಿಸಬೇಡಿ, ಹಸಿರಾಗಿರುವ ತನಕ ಅದು ಗಿಡದ ಉಗ್ರಾಣ, ಅದರಲ್ಲೇ ಮತ್ತೆ ಹೂ ಬರಲೂಬಹುದು.

ಪ್ರಶ್ನೆ (ಧಾರವಾಡ, ಮಾಳಮಡ್ಡಿ): ಕೃಷಿ ಮೇಳದಲ್ಲಿ ಕೊಂಡ ಗಿಡ. ಎಲೆ ಕಡು ಹಸಿರು, ಬೇರು ಚೆನ್ನಾಗಿವೆ. ಎರಡು ವರ್ಷ ಆಯಿತು, ಒಂದು ಹೂವಿಲ್ಲ. ಪಡಸಾಲೆಯಲ್ಲಿ ಟಿವಿ ಪಕ್ಕ ಇಟ್ಟಿದ್ದೇವೆ.

ಉತ್ತರ: ಕಡು ಹಸಿರು ಅಂದರೆ ಬೆಳಕು ಸಾಲುತ್ತಿಲ್ಲ ಅಂತ ಅರ್ಥ. ಎಲೆ ತಿಳಿ ಹಸಿರು ಇರಬೇಕು. ಕೆಂಪು ಛಾಯೆ ಬಂದರೆ ಬೆಳಕು ಜಾಸ್ತಿಯಾಯಿತು. ಮೊದಲು ಕಿಟಕಿ ಹತ್ತಿರ ತನ್ನಿ. ಎರಡನೆಯದು ಚಳಿ. ರಾತ್ರಿ ಸುಮಾರು 18 ಡಿಗ್ರಿಗೆ ಇಳಿದು, ಹಗಲೂ ತಂಪಾಗಿ ಮೂರು ನಾಲ್ಕು ವಾರ ಹಾಗೇ ನಡೆದರೆ ಫೆಲನಾಪ್ಸಿಸ್ ಹೂಕಡ್ಡಿ ಬಿಡುತ್ತೆ. ಬೆಂಕಿ ಬಿಸಿಲಿನ ಊರಿನವರು ಇದಕ್ಕೆ ಎಸಿ ಹಾಕಬೇಕು. ಧಾರವಾಡದವರಿಗೆ ನವೆಂಬರ್‌ನಿಂದ ಜನವರಿ ತನಕ ಸುಮ್ನೆ ಕಿಟಕಿ ತೆರೆದಿಟ್ಟರೆ ಸಾಕು, ಈ ಊರಿನ ಹವೆ ಆರ್ಕಿಡ್‌ಗೆ ದೊಡ್ಡ ವರ. ಎಲೆಯ ಬುಡದಿಂದ ಮೊಳಕೆ ಬಂದಾಗ ಬೇರೋ ಕಡ್ಡಿಯೋ ಅಂತ ಗೊಂದಲ ಆಗುತ್ತೆ. ತುದಿ ದುಂಡಗೆ ನುಣುಪಾಗಿದ್ದರೆ ಬೇರು, ಸ್ವಲ್ಪ ಚಪ್ಪಟೆಯಾಗಿ ಮುಂದೆ ಮೂತಿ ಚಾಚಿದ್ದರೆ ಹೂಕಡ್ಡಿ. ಕಡ್ಡಿ ಕಂಡ ಮೇಲೆ ಹೂ ಅರಳಲು ಎರಡು ಮೂರು ತಿಂಗಳು ಹಿಡಿಯುತ್ತೆ. ಆ ಹೊತ್ತಿನಲ್ಲಿ ಕುಂಡವನ್ನು ದಿನಕ್ಕೊಂದು ಕಡೆ ತಿರುಗಿಸಬೇಡಿ.

ಹೂ ಬಿಟ್ಟಾಗ ನೆನಪಿಡಬೇಕಾದ್ದು ಮಾವು. ಏಪ್ರಿಲ್, ಮೇ ಬಂತೆಂದರೆ ನಮ್ಮ ಮನೆಗಳಲ್ಲಿ ಆಪೂಸು ಹುಲ್ಲಿನಲ್ಲಿ ಮುಚ್ಚಿ ಹಣ್ಣಿಗೆ ಇಟ್ಟಿರುತ್ತೇವೆ. ಹಣ್ಣಾಗುವ ಮಾವು, ಬಾಳೆ ಎಥಿಲಿನ್ ಅನ್ನುವ ಅನಿಲ ಬಿಡುತ್ತವೆ, ಅದು ತಾಗಿದರೆ ಆರ್ಕಿಡ್ ಮೊಗ್ಗು ಹಳದಿಯಾಗಿ ಉದುರುತ್ತವೆ, ಅರಳಿದ ಹೂ ಬೇಗ ಮುದುಡುತ್ತವೆ. ಎರಡೂ ಒಂದೇ ಕೋಣೆಯಲ್ಲಿ ಇರುವುದು ಬೇಡ.

ಪ್ರಶ್ನೆ (ಹಾವೇರಿ): ನಮ್ಮದು ಬೋರ್ ನೀರು. ಕುಂಡದ ಅಂಚಿಗೂ ಬೇರಿಗೂ ಬಿಳಿ ಪುಡಿ ಕಟ್ಟಿದೆ, ಬೇರಿನ ತುದಿ ಕಪ್ಪಾಗಿವೆ. ಸಗಣಿ ಗೊಬ್ಬರದ ನೀರು ಹಾಕಿದರೆ ಸರಿ ಹೋಗುತ್ತಾ?

ಉತ್ತರ: ಸಗಣಿ ಗೊಬ್ಬರ ಬೇಡ ಸರ್, ಅದು ಬೇರಿನ ಸಂದಿಗಳನ್ನು ಮುಚ್ಚಿ ಕೊಳೆಸುತ್ತೆ. ಬಿಳಿ ಪುಡಿ ಬೋರ್ ನೀರಿನ ಲವಣ. ಅದೇ ಬೇರಿನ ತುದಿ ಸುಡುತ್ತಿದೆ. ಜೂನ್‌ನಿಂದ ಮಳೆ ನೀರು ಹಿಡಿದಿಡಿ, ಮುಚ್ಚಿದ ಡ್ರಮ್ಮಿನಲ್ಲಿ ಬಹಳ ದಿನ ಇರುತ್ತೆ. ಮಳೆ ಇಲ್ಲದಾಗ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದರೆ ಒಂದೆರಡು ಗಿಡಕ್ಕೆ ಬಹಳ ದಿನ ಬರುತ್ತೆ. ಮನೆಯ ಆರ್‌ಓ ಯಂತ್ರ ಹೊರಗೆ ಬಿಡುವ ನೀರು ಮಾತ್ರ ಬೇಡವೇ ಬೇಡ, ಲವಣವೆಲ್ಲ ಅದರಲ್ಲೇ ಇರುತ್ತೆ. ಹುಬ್ಬಳ್ಳಿ-ಧಾರವಾಡದವರಿಗೆ ಬರುವ ಮಲಪ್ರಭಾ ನೀರನ್ನು ಒಂದು ರಾತ್ರಿ ತೆರೆದಿಟ್ಟು ಬಳಸಬಹುದು. ಗೊಬ್ಬರಕ್ಕೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ) ಪುಡಿಯನ್ನು ಲೀಟರಿಗೆ ಅರ್ಧ ಗ್ರಾಂ ಕಲಸಿ ಹದಿನೈದು ದಿನಕ್ಕೊಮ್ಮೆ, ಅದೂ ಹೊಸ ಎಲೆ, ಬೇರು ಬರುತ್ತಿರುವಾಗ. ತಿಂಗಳಿಗೊಮ್ಮೆ ಬರೀ ನೀರು ಧಾರಾಳವಾಗಿ ಹರಿಸಿ ತೊಳೆಯಿರಿ.

ಪ್ರಶ್ನೆ (ಕಲಘಟಗಿ): ಯಲ್ಲಾಪುರ, ದಾಂಡೇಲಿ ಕಡೆ ಮರಗಳ ಮೇಲೆ ಸೀತಾಳೆ ದಂಡೆ ಅನ್ನುವ ಕಾಡು ಆರ್ಕಿಡ್ ಬಹಳ ಕಾಣುತ್ತೆ. ಒಂದೆರಡು ಕಿತ್ತು ತಂದು ಮನೆ ಮಾವಿನ ಮರಕ್ಕೆ ಕಟ್ಟಬಹುದಾ?

ಉತ್ತರ: ದಯವಿಟ್ಟು ಕೀಳಬೇಡಿ. ಕಾಯ್ದಿಟ್ಟ ಕಾಡಿನಿಂದ ಗಿಡ ತರುವುದು ಅಪರಾಧ, ಅದು ಒಂದು. ಅದಕ್ಕಿಂತ ನನಗೆ ಸಂಕಟ ಆಗುವುದು ಬೇರೆ ಕಾರಣಕ್ಕೆ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಕೂಡಿಟ್ಟ ಆಹಾರವೇ ಇಲ್ಲ, ಕಾಡಿನಲ್ಲಿ ಒಂದು ಜಾತಿಯ ಶಿಲೀಂಧ್ರ ಸಿಕ್ಕರೆ ಮಾತ್ರ ಮೊಳೆಯುತ್ತೆ, ಮೊಳೆತ ಮೇಲೂ ಹೂ ಬಿಡಲು ವರ್ಷಗಟ್ಟಲೆ ಬೇಕು. ಅಷ್ಟು ಕಷ್ಟದಿಂದ ಬೆಳೆದದ್ದನ್ನು ಕಿತ್ತರೆ ಬೇರು ತೊಗಟೆಗೇ ಅಂಟಿ ಹರಿಯುತ್ತೆ, ಮನೆಗೆ ಬಂದದ್ದು ಬದುಕುವುದು ಕಡಿಮೆ. ಶಿಲೀಂಧ್ರ ಇಲ್ಲದೆಯೂ ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಬೀಜ ಮೊಳೆಯುತ್ತೆ ಅಂತ 1922ರಲ್ಲಿ ಅಮೆರಿಕದ ವಿಜ್ಞಾನಿ ಲೂಯಿಸ್ ನುಡ್ಸನ್ ತೋರಿಸಿದ ಮೇಲೆ ಬಾಟಲಿಗಳಲ್ಲಿ ಸಾವಿರಗಟ್ಟಲೆ ಸಸಿ ಮಾಡುವುದು ಸಾಧ್ಯವಾಯಿತು. ಸೀತಾಳೆ ದಂಡೆಯೂ ಹಾಗೆ ಬೆಳೆಸಿದ್ದು ನರ್ಸರಿಗಳಲ್ಲಿ ಸಿಗುತ್ತೆ, ಅದನ್ನು ಕೇಳಿ ಕೊಳ್ಳಿ. ಮಾವಿನ ಮರಕ್ಕೆ ಕಟ್ಟುವ ಯೋಚನೆ ಮಾತ್ರ ಬಹಳ ಚೆನ್ನಾಗಿದೆ. ಮಳೆಗಾಲದ ಶುರುವಿನಲ್ಲಿ, ಹತ್ತಿ ಬಟ್ಟೆಯ ಪಟ್ಟಿಯಿಂದ, ಮಧ್ಯಾಹ್ನದ ಬಿಸಿಲು ಬೀಳದ ಕಡೆ ಕಟ್ಟಿ. ಬೇರು ಹಿಡಿಯುವ ಹೊತ್ತಿಗೆ ಪಟ್ಟಿ ತಾನೇ ಸವೆದು ಹೋಗುತ್ತೆ.

ಪ್ರಶ್ನೆ (ಹುಬ್ಬಳ್ಳಿ, ಕೇಶ್ವಾಪುರ): ಎಲೆ ಸಂದಿಯಲ್ಲಿ ಹತ್ತಿಯಂತೆ ಬಿಳಿ ಹುಳ ಇವೆ.

ಉತ್ತರ: ಹಿಟ್ಟು ತಿಗಣೆ. ಗಿಡವನ್ನು ಉಳಿದವುಗಳಿಂದ ದೂರ ಇಡಿ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಒಂದೊಂದನ್ನೂ ಒರೆಸಿ ತೆಗೆಯಿರಿ, ಎಲೆಯ ಕೆಳಭಾಗ ಮರೆಯಬೇಡಿ. ವಾರಕ್ಕೊಮ್ಮೆ ಮತ್ತೆ ನೋಡಿ, ಮೊಟ್ಟೆಗಳು ಉಳಿದಿರುತ್ತವೆ. ಬೇವಿನ ಎಣ್ಣೆ ಸಿಂಪಡಿಸುವುದಿದ್ದರೆ ಲೀಟರಿಗೆ 5 ಮಿಲಿ, ನಾಲ್ಕು ಹನಿ ಸೋಪಿನ ದ್ರವ ಸೇರಿಸಿ, ಬಿಸಿಲು ಇಳಿದ ಮೇಲೆ ಹೊಡೆಯಿರಿ. ಸುಳಿಗೆ ಬಿದ್ದದ್ದನ್ನು ಆಗಲೇ ಒರೆಸಿಬಿಡಿ.