ಸಹಾಯ ಬೇಕು: ಒಕ್ಲಹೋಮಾದ ಹಾರ್ವರ್ಡ್ ವಿಮಾನ ಸ್ಮಾರಕಕ್ಕೆ ಅಪ್ಪನನ್ನು ಕರೆದೊಯ್ಯಲು

ಡಲ್ಲಾಸ್ ಸುತ್ತಮುತ್ತಲಿನ ಕನ್ನಡಿಗರಿಗೆಲ್ಲ ನಮಸ್ಕಾರ. ಊರಿಂದ ಅಪ್ಪ ಬಂದಿದ್ದಾರೆ, 76 ವರ್ಷ. ನಮ್ಮ ವಾಯುಪಡೆಯಲ್ಲಿ ಹಾರ್ವರ್ಡ್ ತರಬೇತಿ ವಿಮಾನಗಳ ಎಂಜಿನ್ ರಿಪೇರಿ ಮಾಡುತ್ತಿದ್ದವರು.

ಹೋದ ವಾರ ಡಲ್ಲಾಸ್ ಹತ್ತಿರದ ಟೆರೆಲ್ ಊರಿಗೆ ಹೋಗಿದ್ದೆವು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಹುಡುಗರು ಅಲ್ಲೇ ವಿಮಾನ ಹಾರಿಸೋದು ಕಲಿತದ್ದು. ಅಲ್ಲಿನ ಸ್ಮಶಾನದಲ್ಲಿ ಅಂಥ 20 ಜನರ ಸಮಾಧಿ ಇದೆ. ಅಪ್ಪ ಚಪ್ಪಲಿ ಬಿಟ್ಟು, ಒಂದೊಂದೇ ಕಲ್ಲಿನ ಮೇಲಿನ ತರಗೆಲೆ ಕೈಯಲ್ಲೇ ಸರಿಸಿದರು. ಎಲ್ಲ ಎಳೇ ಪ್ರಾಯದವರು!

ಅವರಲ್ಲಿ ನಾಲ್ವರು ಸತ್ತದ್ದು 1943ರ ಫೆಬ್ರವರಿ 20ರಂದು. ಟೆರೆಲ್‌ನಿಂದ ಉತ್ತರಕ್ಕೆ ಹೊರಟಿದ್ದರು, ಒಕ್ಲಹೋಮಾದ ಬೆಟ್ಟಗಳಲ್ಲಿ ಹವೆ ಕೆಟ್ಟಿತು. ಎರಡು ಹಾರ್ವರ್ಡ್‌ಗಳು ಬೇರೆ ಬೇರೆ ಬೆಟ್ಟಕ್ಕೆ ಬಡಿದವು. ಒಂದೊಂದರಲ್ಲೂ ಇಬ್ಬರು. ಮೋಯರ್ಸ್ ಊರಿನ ಹತ್ತಿರದ ಬೆಟ್ಟದಲ್ಲಿ 2000ದಲ್ಲಿ ಅವರ ಸ್ಮಾರಕ ಆಗಿದೆ.

ಅಪ್ಪನಿಗೆ ಅಲ್ಲಿ ಹೂ ಇಡಬೇಕಂತೆ. ಯಾರಾದರೂ ಹೋಗಿದ್ದೀರಾ? ಮಾಮೂಲಿ ಕಾರು ಎಲ್ಲಿವರೆಗೆ ಹೋಗುತ್ತೆ? ನಡೆಯೋದು ಎಷ್ಟು? ಅವರಿಗೆ ಮಂಡಿ ನೋವು ಜಾಸ್ತಿ. ದೊಡ್ಡ ಗಾಡಿ ಇರುವವರು ಯಾರಾದರೂ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಪೆಟ್ರೋಲು, ಬುತ್ತಿ ಎಲ್ಲ ನಮ್ಮದೇ. ಮುಂದಿನ ತಿಂಗಳು ಅಪ್ಪ ಊರಿಗೆ ವಾಪಸ್, ಅಷ್ಟರೊಳಗೆ ಆಗಬೇಕು.